ಗಾಜಿನಾಚೆಯ ತುಟಿಮಾತು

ನಮ್ಮ ದೊಡ್ಡಮ್ಮನಿಗೆ ಒಂದು ಕೆಟ್ಟ ಚಟವಿದೆ. ಕಂಡವರ ಮಾತನ್ನೆಲ್ಲ ದೂರದಿಂದಲೇ ಓದಿಬಿಡುತ್ತಾಳೆ. ಬಸ್‌ಸ್ಟ್ಯಾಂಡಿನಲ್ಲಿ ಕೂತರೆ ಎದುರು ಪ್ಲಾಟ್‌ಫಾರ್ಮಿನ ಗಂಡ ಹೆಂಡತಿ ಯಾವುದಕ್ಕೆ ಕಿತ್ತಾಡುತ್ತಿದ್ದಾರೆ ಎಂದು ನನಗೆ ವರದಿ ಒಪ್ಪಿಸುತ್ತಾಳೆ. ಆಸ್ಪತ್ರೆಯಲ್ಲಿ ಡಾಕ್ಟರು ಬಾಗಿಲ ಗಾಜಿನ ಹಿಂದೆ ನರ್ಸಿಗೆ ಹೇಳಿದ್ದನ್ನು, ಅವರು ಹೊರಗೆ ಬರುವ ಮೊದಲೇ ರೋಗಿಗೆ ಹೇಳಿ ಚೆನ್ನಾಗಿ ಉಗಿಸಿಕೊಂಡಿದ್ದಾಳೆ. "ಊರವರ ಉಸಾಬರಿ ನಿನಗ್ಯಾಕೆ?" ಎಂದು ನಾನು ಬೈದರೆ, "ನಾನೇನು ಬಾಗಿಲ ಸಂದಿಗೆ ಕಿವಿ ಕೊಟ್ಟಿದ್ನಾ? ಕಣ್ಣು ಬಿಟ್ಕೊಂಡು ಕೂತಿದ್ದೆ, ಅಷ್ಟೇ" ಎನ್ನುತ್ತಾಳೆ.

ತಪ್ಪು ಅವಳೊಬ್ಬಳದಲ್ಲ. ನಮ್ಮದು ಗಿರಣಿಯ ಊರು. ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಪಕ್ಕದವರು ಗಂಟಲು ಹರಿದುಕೊಂಡರೂ ಏನೂ ತಿಳಿಯುವುದಿಲ್ಲ. ಹಾಗಾಗಿ ಅಲ್ಲಿನ ಹೆಂಗಸರು ದನಿಯ ಗೋಜನ್ನೇ ಬಿಟ್ಟು ಬರೀ ತುಟಿಯಲ್ಲಿ ಮಾತಾಡುವುದನ್ನು ರೂಢಿ ಮಾಡಿಕೊಂಡರು. ತುಟಿಮಾತು ಎನ್ನುತ್ತೇವೆ ನಾವು. ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು, ತುಟಿಮಾತು ನಿಂತಿಲ್ಲ. ಈಗಲೂ ನಮ್ಮ ಬೀದಿಯಲ್ಲಿ ಈ ಮಹಡಿಯಿಂದ ಆ ಮಹಡಿಗೆ ಒಂದು ಸದ್ದೂ ಇಲ್ಲದೆ ಇಡೀ ಸಂಸಾರದ ಕತೆ ದಾಟಿಹೋಗುತ್ತದೆ. ನಮ್ಮ ಮನೆಗಳಲ್ಲಿ ಎರಡೇ ಬಗೆಯ ಮಾತು: ದನಿಯೇ ಇಲ್ಲದ್ದು, ಇಲ್ಲವೇ ಬೀದಿಯ ಕೊನೆಗೆ ಮುಟ್ಟುವಂಥದ್ದು. ಎರಡನೆಯದರ ದೆಸೆಯಿಂದಲೇ ನಾನು ವಕೀಲೆಯಾದೆ ಎಂದು ನನ್ನ ಗಂಡ ಹೇಳಿಕೊಂಡು ತಿರುಗುತ್ತಾನೆ. ತಿರುಗಲಿ.

ಆ ದಿನ ಬೆಳಿಗ್ಗೆ, ಟೈರ್ ಅಂಗಡಿಯ ಮೇಲಿರುವ ನನ್ನ ಆಫೀಸಿಗೆ ದೊಡ್ಡಮ್ಮ ಏದುಸಿರು ಬಿಡುತ್ತ ಹತ್ತಿಬಂದಳು.

"ಏಳೇ, ಚೆಕ್‌ಪೋಸ್ಟಿಗೆ ಹೋಗೋಣ."

"ಅಲ್ಲಿ ಯಾರ ಸಂಸಾರದಲ್ಲಿ ಮೂಗು ತೂರಿಸಿ ಬಂದೆ?"

"ತಮಾಷೆ ಸಾಕು. ಗಾಜಿನ ರೂಮಲ್ಲಿ ಒಬ್ಬಳು ಮಗಳನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು, ಆಶ್ರಯ ಬೇಕು, ವಾಪಸ್ ಕಳಿಸಬೇಡಿ ಅಂತ ಒಂದೇ ಸಮ ಹೇಳ್ತಿದ್ದಾಳೆ. ತುಟಿಮಾತಲ್ಲಿ ಕಣೇ! ಆಚೆ ಗಿರಣಿಯವಳು."

ನಾನು ಪೆನ್ನು ಕೆಳಗಿಟ್ಟೆ.

ಗಡಿ ನಮ್ಮ ಊರಿನ ಅಂಚಿನಲ್ಲೇ ಇದೆ. ಆಚೆಯವರದೂ ನಮ್ಮದೇ ಭಾಷೆ, ಅಲ್ಲೂ ಒಂದು ಗಿರಣಿ. ಅಲ್ಲಿ ಸರ್ಕಾರ ಬದಲಾಗಿ, ಬಾಯಿ ಬಿಟ್ಟವರೆಲ್ಲ ಕಾಣೆಯಾಗತೊಡಗಿದ ಮೇಲೆ ಜನ ಈಚೆಗೆ ಓಡಿಬರತೊಡಗಿದರು. ನಮ್ಮ ದೊರೆಗಳು ಗಡಿ ಮುಚ್ಚಿದರು. ಆದರೆ ಕಾನೂನಿನಲ್ಲಿ ಒಂದು ಸಾಲು ಉಳಿದಿತ್ತು: ಗಡಿಯಲ್ಲಿ ನಿಂತು, ಅಧಿಕಾರಿಗೆ ಅರ್ಥವಾಗುವಂತೆ ಆಶ್ರಯ ಕೋರಿದವರನ್ನು ವಿಚಾರಣೆಯಿಲ್ಲದೆ ಹಿಂದಕ್ಕೆ ಕಳಿಸುವಂತಿಲ್ಲ. ಆ ಸಾಲನ್ನು ಅಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅದಕ್ಕೇ ಜಾಣರು ಬೇರೊಂದು ದಾರಿ ಹುಡುಕಿದರು. ಬಂದವರನ್ನು ದಪ್ಪ ಗಾಜಿನ ರೂಮಿನಲ್ಲಿ ಕೂರಿಸಿದರು. ಅಧಿಕಾರಿಗೂ ಅವರಿಗೂ ನಡುವೆ ಇದ್ದ ಮೈಕು ಕೆಟ್ಟುಹೋಯಿತು. ಕೆಟ್ಟದ್ದು ರಿಪೇರಿಯಾಗಲೇ ಇಲ್ಲ. ಒಳಗಿದ್ದವರು ಏನಂದರೋ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲವೆಂದ ಮೇಲೆ ಅವರು ಏನೂ ಕೋರಿಲ್ಲ. ಸಂಜೆಯ ಬಸ್ಸಿನಲ್ಲಿ ವಾಪಸ್. ಎಷ್ಟು ಸಲೀಸು ನೋಡಿ!

ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಈ ವಿಷಯದಲ್ಲಿ ಅದು ನೆತ್ತಿಗೇರಿ ಬಹಳ ದಿನವಾಗಿತ್ತು. ಆದರೆ ಏನು ಮಾಡಲಿ? ವಕೀಲರನ್ನು ಒಳಗೆ ಬಿಡುತ್ತಿರಲಿಲ್ಲ, ಒಳಗಿದ್ದವರನ್ನು ಹೊರಗೆ ಬಿಡುತ್ತಿರಲಿಲ್ಲ. ಕೇಸು ಹಾಕುವುದಕ್ಕೆ ಒಬ್ಬರಾದರೂ ಕೈಗೆ ಸಿಗಬೇಕಲ್ಲ!

ಗಾಜಿನ ರೂಮು ಹೆದ್ದಾರಿಗೆ ಮುಖ ಮಾಡಿದೆ. ನಾವು ಹೋದಾಗ ಒಳಗೆ, ನೆಲಕ್ಕೆ ಸ್ಕ್ರೂ ಹಾಕಿ ಕೂರಿಸಿದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಬ್ಬ ಪುಟ್ಟ ಹುಡುಗಿ ಕಾಲಾಡಿಸುತ್ತ ಕೂತಿದ್ದಳು. ಅವಳ ತಾಯಿ ಕೌಂಟರಿನ ಗಾಜಿಗೆ ಅಂಗೈ ಒತ್ತಿ ನಿಂತಿದ್ದಳು. ಕೌಂಟರಿನ ಮೈಕಿಗೆ ಕೆಂಪು ಟೇಪು ಸುತ್ತಿತ್ತು. ಬೇಲಿಯ ಹತ್ತಿರ ಕಾವಲಿನವನು ನನ್ನನ್ನು ತಡೆದ.

"ವಕೀಲರಿಗೆ ಪ್ರವೇಶ ಇಲ್ಲ ಮೇಡಂ."

"ಯಾರಿಗೆ ಬೇಕಪ್ಪಾ ನಿನ್ನ ಪ್ರವೇಶ? ಇಲ್ಲೇ ಸ್ವಲ್ಪ ಗಾಳಿ ತಗೋತೀನಿ" ಎಂದು ಬೇಲಿಗೆ ಒರಗಿ ನಿಂತೆ. ಹುಡುಗಿ ನನ್ನ ಕಡೆ ನೋಡಿದಳು. ನಾನು ತುಟಿಯಲ್ಲಿ, "ಪುಟ್ಟೀ, ಅಮ್ಮನ್ನ ಈ ಕಡೆ ತಿರುಗೋಕೆ ಹೇಳು" ಎಂದೆ. ಹುಡುಗಿ ತಾಯಿಯ ಬಟ್ಟೆ ಎಳೆದಳು.

ಆ ಹೆಂಗಸು ತಿರುಗಿ, ನನ್ನ ತುಟಿ ನೋಡಿ, ಎರಡೂ ಕೈ ಕೆನ್ನೆಗೆ ಒತ್ತಿಕೊಂಡಳು. "ಅಯ್ಯೋ, ನಮ್ಮೋರಾ?" ಎಂದಳು ಗಾಜಿನ ಹಿಂದಿನಿಂದ. ಅಷ್ಟಕ್ಕೇ ನನ್ನ ಗಂಟಲು ಕಟ್ಟಿತು. ತುಟಿಮಾತಿನಲ್ಲಿ ಅದೊಂದು ಅನುಕೂಲ: ಗಂಟಲು ಕಟ್ಟಿದರೂ ಮಾತು ನಿಲ್ಲುವುದಿಲ್ಲ.

ರಸ್ತೆಯಲ್ಲಿ ಲಾರಿಗಳು ಹಾರ್ನ್ ಹೊಡೆದುಕೊಂಡು ಓಡಾಡುತ್ತಿದ್ದವು. ಅವುಗಳ ನಡುವೆಯೇ ಅವಳು ತನ್ನ ಕತೆ ಹೇಳಿದಳು. ಅವಳು ನೇಕಾರಳು. ಅವಳ ಗಂಡ ಗಿರಣಿಯ ಸಂಘದವನು. ಅವನನ್ನು ಕ್ಯಾಂಟೀನಿನಿಂದ, ಊಟದ ತಟ್ಟೆಯ ಮುಂದಿನಿಂದ ಎಳೆದುಕೊಂಡು ಹೋದರು. ಎಳೆದವರು ಯಾರೆಂದು ಇವಳು ಹೆಸರು ಹಿಡಿದು ಹೇಳಿದಳು. ಆಮೇಲೆ ಅವರು ಇವಳನ್ನೇ ಹುಡುಕಿಕೊಂಡು ಮನೆಗೆ ಬಂದರು. ಇವಳು ಹಿಂದಿನ ಕಿಟಕಿಯಿಂದ ಮಗಳನ್ನು ಇಳಿಸಿ, ತಾನೂ ಹಾರಿದಳು. "ಆ ಬಸ್ಸು ನಮ್ಮನ್ನ ಇಳಿಸೋ ಜಾಗದಲ್ಲಿ ಅವರೇ ನಿಂತಿರ್ತಾರೆ ಅಕ್ಕಾ" ಎಂದಳು. ಅದನ್ನು ಹೇಳುವಾಗ ಮಗಳಿಗೆ ಕಾಣದಂತೆ ಬಾಯಿಯ ಒಂದು ಬದಿಗೆ ಕೈ ಅಡ್ಡ ಹಿಡಿದಿದ್ದಳು.

"ಮೇಡಂ, ಬಾಯಿಗೇನಾಯ್ತು?" ಎಂದ ಕಾವಲಿನವನು. ಪಾಪ, ಬೇರೆ ಊರಿನವನು.

"ದವಡೆ ಹಿಡ್ಕೊಂಡಿದೆ ಕಣಪ್ಪ."

"ಉಪ್ಪುನೀರು ಮುಕ್ಕಳಿಸಿ, ಸರಿಹೋಗುತ್ತೆ" ಎಂದು ಕನಿಕರದಿಂದ ಹೇಳಿ, ಆ ಕಡೆ ಹೋದ.

ಆಗ ಅವಳು ಇನ್ನೊಂದು ಮಾತು ಹೇಳಿದಳು. "ಆ ಆಫೀಸರಿಗೆ ನಾನು ಹೇಳಿದ್ದೆಲ್ಲ ಅರ್ಥ ಆಗಿದೆ. ಉತ್ತರಾನೂ ಕೊಟ್ಟರು."

"ಹೇಗೆ ಕೊಟ್ಟರು?"

"ತುಟಿಯಲ್ಲೇ."

ಕೌಂಟರಿನ ಕಡೆ ಕಣ್ಣು ಹಾಯಿಸಿದೆ. ಅಲ್ಲಿ ಕೂತಿದ್ದವನು ನಮ್ಮ ಲಾಳಿ. ಚಿಕ್ಕಂದಿನಲ್ಲಿ ಮಗ್ಗಗಳ ಸಾಲಿನಲ್ಲಿ, ನೂಲು ಎಳೆದೊಯ್ಯುವ ಲಾಳಿಯ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದನೆಂದು ಗಿರಣಿಯ ಹೆಂಗಸರು ಇಟ್ಟ ಹೆಸರು. ಈಗ ಸಮವಸ್ತ್ರ ತೊಟ್ಟರೂ ಊರಿಗೆ ಅವನು ಲಾಳಿಯೇ. ಒಳ್ಳೆಯ ಹುಡುಗ, ಹೆದರುಪುಕ್ಕಲ. ಅವನು ಮಾಡಿದ್ದು ನಮ್ಮ ಊರಿನವರು ಮಾತ್ರ ಮಾಡಬಹುದಾದ ತಪ್ಪು. ತುಟಿಯಲ್ಲಿ ಯಾರಾದರೂ ಮಾತಾಡಿಸಿದರೆ, ಯೋಚನೆ ಮಾಡುವ ಮೊದಲೇ ನಮ್ಮ ತುಟಿ ಉತ್ತರ ಕೊಟ್ಟುಬಿಟ್ಟಿರುತ್ತದೆ. ಬಚ್ಚಲಲ್ಲಿ ಜಾರಿದರೆ ಕೈ ಗೋಡೆ ಹಿಡಿಯುವುದಿಲ್ಲವೇ, ಹಾಗೆ.

ಕೌಂಟರಿನ ಮೇಲೆ ಅವರದೇ ಕ್ಯಾಮೆರಾ ಇತ್ತು. ನನಗೆ ಅಷ್ಟು ಸಾಕಾಗಿತ್ತು.

ಆ ಕೋರಿಕೆಯನ್ನು ಕಣ್ಣಾರೆ ಓದಿದ ಸಾಕ್ಷಿಯೆಂದು ದೊಡ್ಡಮ್ಮನ ಹೆಸರಿನಲ್ಲೇ ಅರ್ಜಿ ಹಾಕಿದೆ. ನ್ಯಾಯಾಧೀಶರು ಮಧ್ಯಾಹ್ನಕ್ಕೇ ಎಲ್ಲರನ್ನೂ ಕರೆಸಿದರು: ತಾಯಿ, ಮಗಳು, ಲಾಳಿ, ಕ್ಯಾಮೆರಾದ ಚಿತ್ರ, ಎಲ್ಲ. ಅವರು ಈ ಊರಿಗೆ ಹೊಸಬರು, ಮೆಲುದನಿಯವರು. ನಾನು ವಾದ ಶುರುಮಾಡಿದರೆ ಸ್ವಲ್ಪ ಹಿಂದಕ್ಕೆ ವಾಲಿಕೊಳ್ಳುತ್ತಾರೆ. ಕೋರ್ಟಿನ ಬೆಂಚುಗಳ ಮೇಲೆ ಗಿರಣಿಯ ಬೀದಿಗೆ ಬೀದಿಯೇ ಬಂದು ಕೂತಿತ್ತು. ದೊಡ್ಡಮ್ಮ ಸುದ್ದಿ ಹರಡಿದ್ದಳೆಂದು ಬೇರೆ ಹೇಳಬೇಕಾಗಿಲ್ಲ. ಮುಂದಿನ ಬೆಂಚಿನಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಬಿನ್ ಅಕ್ಕ ಕೂತಿದ್ದಳು. ಅವಳು ಲಾಳಿಯ ತಾಯಿ, ಗಿರಣಿಯ ಶೆಡ್ಡಿನಲ್ಲಿ ಬಾಬಿನ್ನಿಗೆ ನೂಲು ಸುತ್ತುತ್ತಿದ್ದವಳು. ಮಗ ಕೋರ್ಟಿನಲ್ಲಿ ಮಾತಾಡುತ್ತಾನೆಂದು ಹೆಮ್ಮೆಯಿಂದ ನೋಡಲು ಬಂದಿದ್ದಳು. ಅವಳನ್ನು ನೋಡಿ ನಾನು ಹಣೆ ಚಚ್ಚಿಕೊಂಡೆ.

ಸರ್ಕಾರಿ ವಕೀಲರು ಎದ್ದರು. "ಸ್ವಾಮಿ, ಈಕೆ ಗಡಿಯಲ್ಲಿ ಏನನ್ನೂ ಕೋರಿಲ್ಲ. ಅಲ್ಲಿ ಬಾಯಿ ಬಿಡದವರು ಇಲ್ಲಿ ಬಂದು ಆಶ್ರಯ ಅಂದರೆ ಕಾನೂನಿನಲ್ಲಿ ಬೆಲೆಯಿಲ್ಲ. ಸಂಜೆ ಬಸ್ಸಿದೆ."

"ಬಾಯಿ ಬಿಡದವರಾ?" ಎಂದು ನಾನು ಮೇಲೆದ್ದೆ. "ಬಾಯಿ ಬಿಟ್ಟೂ ಬಿಟ್ಟೂ ಅವರ ದವಡೆ ನೋಯ್ತಿದೆ! ಮೈಕಿಗೆ ಟೇಪ್ ಸುತ್ತಿದವರು ನೀವು. ಚಿತ್ರ ಹಾಕಿಸಿ ಸ್ವಾಮಿ. ನಮ್ಮ ಅರ್ಜಿದಾರರು ಓದಿ ಹೇಳ್ತಾರೆ."

"ಅರ್ಜಿದಾರರೇ ಓದೋದಾ?" ಸರ್ಕಾರಿ ವಕೀಲರು ನಕ್ಕರು. "ಅವರು ವಕೀಲರ ದೊಡ್ಡಮ್ಮ ಬೇರೆ. ಏನು ಬೇಕಾದರೂ ಓದ್ತಾರೆ."

"ಏನಂದೆ?" ಎಂದು ದೊಡ್ಡಮ್ಮ ಎರಡನೆಯ ಬಗೆಯ ದನಿಯಲ್ಲಿ ಗುಡುಗಿದಳು. ನ್ಯಾಯಾಧೀಶರು ಕೈ ಎತ್ತಿ ಕೂರಿಸಿದರು.

ಆಕ್ಷೇಪಣೆ ನ್ಯಾಯವಾದದ್ದೇ ಎಂದು ಅವರಿಗೂ ಅನಿಸಿತು. "ಈ ತುಟಿಮಾತು ಬಲ್ಲವರು ಬೇರೆ ಯಾರಾದರೂ ಇದ್ದಾರೆಯೇ?" ಎಂದು ಬೆಂಚುಗಳ ಕಡೆ ನೋಡಿದರು. ಅಷ್ಟೂ ಜನ ಕೈ ಎತ್ತಿದರು. ನ್ಯಾಯಾಧೀಶರ ಮುಖ ಅರಳಿತು. "ಸಂತೋಷ. ಇವರಲ್ಲಿ ವಕೀಲರಿಗಾಗಲಿ, ಅರ್ಜಿದಾರರಿಗಾಗಲಿ, ಅಧಿಕಾರಿಗಾಗಲಿ ನೆಂಟರಲ್ಲದವರು?" ಅಷ್ಟೂ ಕೈಗಳು ಕೆಳಗಿಳಿದವು.

ನ್ಯಾಯಾಧೀಶರು ನಿಟ್ಟುಸಿರಿಟ್ಟು ಲಾಳಿಯನ್ನು ಕಟಕಟೆಗೆ ಕರೆದರು. ಟ್ರಾಲಿಯ ಮೇಲಿನ ಟಿವಿಯಲ್ಲಿ ಚಿತ್ರ ಓಡಿತು. ಸದ್ದಿಲ್ಲ. ಹೆಂಗಸು ಗಾಜಿಗೆ ಕೈ ಒತ್ತಿ ಏನೋ ಹೇಳುತ್ತಿದ್ದಾಳೆ. ನಮ್ಮ ಬೆಂಚುಗಳಿಗೆ ಅದು ಸ್ಪಷ್ಟ: "ಅಣ್ಣಾ, ಆಶ್ರಯ ಬೇಕು. ನನ್ನ ಮಗಳನ್ನ ನೋಡಿ. ಆಶ್ರಯ ಬೇಕು." ಆಮೇಲೆ ಲಾಳಿಯ ಮುಖ. ಅವನ ತುಟಿ ಅಲ್ಲಾಡುತ್ತದೆ: "ಗೊತ್ತಾಯ್ತಕ್ಕಾ. ಆದ್ರೆ ಗೊತ್ತಾಗ್ಲಿಲ್ಲ ಅಂತಲೇ ಬರೀಬೇಕು. ಮೇಲಿನವರ ಹುಕುಂ. ನನ್ನ ಕೆಲಸ ಹೋಗುತ್ತೆ." ಆಮೇಲೆ ಅವನು ಮೇಜಿನ ಡ್ರಾಯರಿನಿಂದ ಒಂದು ಬಿಸ್ಕತ್ತಿನ ಪೊಟ್ಟಣ ತೆಗೆದು, ಗಾಜಿನ ಕೆಳಗಿನ ಸಂದಿಯಿಂದ ಹುಡುಗಿಗೆ ತಳ್ಳುತ್ತಾನೆ.

"ಆಕೆ ಹೇಳಿದ್ದು ನಿಮಗೆ ಅರ್ಥವಾಯಿತೇ?" ಎಂದರು ನ್ಯಾಯಾಧೀಶರು.

"ಇಲ್ಲ ಸ್ವಾಮಿ. ಗಾಜು ದಪ್ಪ, ತುಟಿಮಾತು ನನಗೆ ಗೊತ್ತಾಗಲ್ಲ" ಎಂದ ಲಾಳಿ.

"ನಿಮ್ಮ ತುಟಿಯೂ ಅಲ್ಲಾಡುತ್ತಿದೆಯಲ್ಲ?"

"ಬಬಲ್‌ಗಮ್ ಅಗೀತಿದ್ದೆ ಸ್ವಾಮಿ."

ಕೋರ್ಟು ಹೋ ಎಂದಿತು. ಹಿಂದಿನ ಬೆಂಚಿನವರು ಹೊಟ್ಟೆ ಹಿಡಿದುಕೊಂಡರು. ನ್ಯಾಯಾಧೀಶರು ಮೊದಲ ಬಾರಿಗೆ ದನಿ ಏರಿಸಿದರು: "ಇನ್ನೊಂದು ಸದ್ದು ಬಂದರೆ ಎಲ್ಲರನ್ನೂ ಹೊರಗೆ ಕಳಿಸುತ್ತೇನೆ!" ಹೊಸಬರಲ್ಲವೇ, ಅವರಿಗೇನು ಗೊತ್ತು. ಸದ್ದು ಮಾಡಬೇಡಿ ಎಂದು ಗಿರಣಿಯವರಿಗೆ ಹೇಳಿದರೆ ಬಾಯಿ ಮುಚ್ಚಿದಂತಾಗುತ್ತದೆಯೇ?

ಲಾಳಿಯನ್ನು ಮುರಿಯುವ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಬಾಬಿನ್ ಅಕ್ಕನಿಗೆ ಕಿವಿ ಹೋಗಿ ಎಷ್ಟೋ ವರ್ಷವಾಗಿತ್ತು. ಮಗ್ಗದ ಬಡಿತ ತಿಂದುಹಾಕಿತ್ತು. ಊರಿಗೆಲ್ಲ ಅದು ಗೊತ್ತು. ಊರಿಗೆಲ್ಲ ಗೊತ್ತೆಂದು ಅವಳಿಗೆ ಮಾತ್ರ ಗೊತ್ತಿಲ್ಲ. ರೇಡಿಯೋದಲ್ಲಿ ವಾರ್ತೆ ಬರುತ್ತಿದ್ದರೂ "ಹಾಡು ಚೆನ್ನಾಗಿದೆ" ಎಂದು ತಲೆದೂಗುತ್ತಾಳೆ, ನಾವೂ ಹೌದೆಂದು ತಲೆದೂಗುತ್ತೇವೆ. ತಾನು ಕಿವುಡಿ ಎನಿಸಿಕೊಳ್ಳುವುದಕ್ಕಿಂತ ಸಾಯುವುದು ಮೇಲು ಅವಳಿಗೆ. "ಮನೆಯಲ್ಲಿ ನಿನ್ನ ತಾಯಿಯ ಹತ್ತಿರ ಹೇಗೆ ಮಾತಾಡ್ತೀಯಾ?" ಎಂದು ನಾನು ಲಾಳಿಯನ್ನು ಕೇಳಿದರೆ ಸಾಕು, ಕೇಸು ಗೆದ್ದಂತೆ. ಬಾಯಿ ತೆರೆದೆ. ಮುಂದಿನ ಬೆಂಚಿನಲ್ಲಿ ಕೈಚೀಲ ಹಿಡಿದು ಕೂತ ಅವಳ ಮುಖ ಕಂಡಿತು. ಇನ್ನೊಂದು ಕಡೆ ತಾಯಿಯ ತೊಡೆಗೆ ಒರಗಿ ಬಸ್ಸಿಗಾಗಿ ಕಾಯುತ್ತಿದ್ದ ಆ ಹುಡುಗಿ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನಾನು ಈ ವೃತ್ತಿಯನ್ನೇ ಶಪಿಸಿದೆ. ಆದರೂ ಕೇಳುವವಳೇ ಇದ್ದೆ. ಇನ್ನೊಬ್ಬರ ಮಾನಕ್ಕಿಂತ ಆ ಮಗುವಿನ ಜೀವ ದೊಡ್ಡದು.

ಅಷ್ಟರಲ್ಲಿ ಬಾಬಿನ್ ಅಕ್ಕ ತಾನೇ ಎದ್ದು ನಿಂತಳು.

ಒಂದು ಸದ್ದಿಲ್ಲ. ಅವಳು ಮಗನ ಕಡೆ ಕೈ ನೀಡಿ ತುಟಿಯಲ್ಲೇ ಬೈಯತೊಡಗಿದಳು. ಗಿರಣಿಯ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಬೈದು ಪಳಗಿದ ಬಾಯಿ ಅದು. ಒಂದೊಂದು ಮಾತೂ ಗೋಡೆಗೆ ಮೊಳೆ ಹೊಡೆದಂತೆ ಕೂರುತ್ತಿತ್ತು. ಲಾಳಿಯ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಬೆಂಚುಗಳ ಮೇಲೆ ಒಬ್ಬೊಬ್ಬರೇ ತಲೆ ತಗ್ಗಿಸಿದರು. ದೊಡ್ಡಮ್ಮ ಕಣ್ಣೊರೆಸಿಕೊಂಡಳು. ಸರ್ಕಾರಿ ವಕೀಲರು ಅತ್ತಿತ್ತ ನೋಡಿದರು. ಇಡೀ ಕೋರ್ಟಿನಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯದವರು ಅವರು ಮತ್ತು ನ್ಯಾಯಾಧೀಶರು, ಇಬ್ಬರೇ.

"ಏನಾಗುತ್ತಿದೆ ಇಲ್ಲಿ?" ಎಂದರು ನ್ಯಾಯಾಧೀಶರು. "ಆ ತಾಯಿ ಯಾಕೆ ನಿಂತಿದ್ದಾರೆ?"

ನಾನು ಬಾಯಿ ಬಿಡಲಿಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಲಾಳಿ ಕಟಕಟೆಯ ಕಂಬಿ ಹಿಡಿದುಕೊಂಡ. "ನಮ್ಮಮ್ಮ ಸ್ವಾಮಿ. ನನಗೆ ಬೈತಿದ್ದಾರೆ."

"ಏನೆಂದು?"

ಅವನು ತಾಯಿಯನ್ನು ನೋಡಿದ. ಅವಳು ಹೇಳು ಎಂಬಂತೆ ಗಲ್ಲ ಎತ್ತಿದಳು.

"ನಮ್ಮಮ್ಮನಿಗೆ..." ಲಾಳಿಯ ದನಿ ಒಡೆಯಿತು. "ನಮ್ಮಮ್ಮನಿಗೆ ಕಿವಿ ಕೇಳಿಸಲ್ಲ ಸ್ವಾಮಿ. ಇದನ್ನ ನೀನೇ ಎಲ್ಲರೆದುರು ಹೇಳು ಅಂತಿದ್ದಾರೆ. ದಿನಾ ಬೆಳಗಾದ್ರೆ ನಾನು ಅವರ ಹತ್ತಿರ ತುಟಿಯಲ್ಲೇ ಮಾತಾಡೋದು. ಊಟ ಆಯ್ತಾ ಅನ್ನೋದೂ ಹಾಗೇ, ಹೋಗಿಬರ್ತೀನಿ ಅನ್ನೋದೂ ಹಾಗೇ. ತುಟಿಮಾತು ಗೊತ್ತಾಗಲ್ಲ ಅಂತ ಇಲ್ಲಿ ಪ್ರಮಾಣ ಮಾಡಿ ಹೇಳ್ತಿದ್ದೀಯಲ್ಲ, ಹಾಗಾದ್ರೆ ಇವತ್ತು ಮನೆಗೆ ಬಂದು ನನ್ನ ಹತ್ತಿರ ಹೇಗೆ ಮಾತಾಡ್ತೀಯಾ... ಅಂತ ಕೇಳ್ತಿದ್ದಾರೆ."

ಲಾಳಿ ತೋಳಿನಿಂದ ಮೂಗು ಒರೆಸಿಕೊಂಡ, ಸಮವಸ್ತ್ರದ ತೋಳಿನಿಂದಲೇ.

"ಆ ಅಕ್ಕ ಹೇಳಿದ್ದು ನನಗೆ ಗೊತ್ತಾಯ್ತು ಸ್ವಾಮಿ. ಮೊದಲ ಸಲಕ್ಕೇ ಗೊತ್ತಾಯ್ತು. ಆಶ್ರಯ ಬೇಕು ಅಂದರು. ಗೊತ್ತಾಗ್ಲಿಲ್ಲ ಅಂತ ಬರೀತೀನಿ ಅಂದೆ. ಬಬಲ್‌ಗಮ್ ಇರಲಿಲ್ಲ."

ಸರ್ಕಾರಿ ವಕೀಲರು ಎದ್ದರು, ಕನ್ನಡಕ ಒರೆಸಿಕೊಂಡು ಕೂತರು. ಪಾಪ, ಅವರಿಗೂ ಒಬ್ಬ ತಾಯಿ ಇದ್ದಿರಬೇಕು.

ನ್ಯಾಯಾಧೀಶರು ತಮ್ಮ ಮೆಲುದನಿಯಲ್ಲೇ ಹೇಳಿದರು: ಆಕೆ ಗಡಿಯಲ್ಲಿ ಆಶ್ರಯ ಕೋರಿದ್ದಾಳೆ, ಅಧಿಕಾರಿಗೆ ಅರ್ಥವಾಗಿದೆ. ಗಡಿ ಮುಚ್ಚಿದ್ದರೂ ಆ ಹಕ್ಕು ಮುಚ್ಚಿಲ್ಲ. ಆಕೆಯೂ ಮಗಳೂ ಆ ಬಸ್ಸು ಹತ್ತುವಂತಿಲ್ಲ, ವಿಚಾರಣೆ ಮುಗಿಯುವವರೆಗೆ ಇಲ್ಲೇ ಇರುತ್ತಾರೆ. ಸತ್ಯ ಹೇಳಿದ್ದಕ್ಕಾಗಿ ಅಧಿಕಾರಿಯ ಕೆಲಸ ಮುಟ್ಟಿದರೆ ತನಗೆ ತಿಳಿಸಬೇಕು. ಇನ್ನು ಆ ಮೈಕು?

"ರಿಪೇರಿಯವರು ಸಿಕ್ಕಿಲ್ಲ ಸ್ವಾಮಿ" ಎಂದರು ಸರ್ಕಾರಿ ವಕೀಲರು.

"ಟೇಪು ಬಿಚ್ಚುವುದಕ್ಕೆ ರಿಪೇರಿಯವರು ಯಾಕೆ? ಸಂಜೆಯೊಳಗೆ ಆಗಬೇಕು" ಎಂದರು ನ್ಯಾಯಾಧೀಶರು. ಮೆಲುದನಿಯವರೂ ಒಮ್ಮೊಮ್ಮೆ ಪರವಾಗಿಲ್ಲ.

ದೊಡ್ಡಮ್ಮ ಆ ಹುಡುಗಿಯನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಾಗಿತ್ತು. ರಾತ್ರಿಗೆ ಯಾರ ಮನೆಯಲ್ಲಿ ಹಾಸಿಗೆ ಎಂದು ಬೆಂಚುಗಳ ನಡುವೆ ತುಟಿಯಲ್ಲೇ ದೊಡ್ಡ ಜಗಳ ನಡೆದಿತ್ತು. ಬಾಬಿನ್ ಅಕ್ಕ ಮಾತ್ರ ಯಾರ ಮುಖವನ್ನೂ ನೋಡದೆ ಕೂತಿದ್ದಳು. ಇಷ್ಟು ವರ್ಷ ಕಾಪಾಡಿಕೊಂಡದ್ದನ್ನು ನಡುಬೀದಿಯಲ್ಲಿ ಬಿಟ್ಟುಕೊಟ್ಟವಳ ಕೂರುವಿಕೆ ಅದು.

"ಅಧಿಕಾರಿಗಳೇ, ಆಕೆಯ ಕೋರಿಕೆಯನ್ನು ಈಗಲೇ, ಇಲ್ಲೇ, ನೀವೇ ಬರೆದುಕೊಳ್ಳಿ" ಎಂದರು ನ್ಯಾಯಾಧೀಶರು.

ಲಾಳಿ ಕಾಗದ ಹಿಡಿದು ಆ ಹೆಂಗಸಿನ ಎದುರು ನಿಂತ. ಅವಳು ಬಾಯಿ ತೆರೆದಳು. ಗಾಜು ಇರಲಿಲ್ಲವಲ್ಲ, ಈ ಸಲ ದನಿ ಹೊರಟಿತು. ಅಪ್ಪಟ ಗಿರಣಿಯ ದನಿ! ನ್ಯಾಯಾಧೀಶರು ಕುರ್ಚಿಯಲ್ಲೇ ಹಾರಿಬಿದ್ದರು, ಹೊರಗಿನ ಜವಾನ ಏನಾಯಿತೆಂದು ಬಾಗಿಲು ತಳ್ಳಿಕೊಂಡು ಬಂದ. "ನಾನು ಆಶ್ರಯ ಬೇಡ್ತಿದ್ದೀನಿ! ನನಗೆ, ನನ್ನ ಮಗಳಿಗೆ! ನಮ್ಮನ್ನ ವಾಪಸ್ ಕಳಿಸಬೇಡಿ!"

ಲಾಳಿ ಬರೆಯುತ್ತಿದ್ದ. ಒಂದೊಂದು ಸಾಲು ಬರೆದಾಗಲೂ ತಲೆ ಎತ್ತಿ, ಮುಂದಿನ ಬೆಂಚಿನ ಕಡೆ ತಿರುಗಿ, ಎಲ್ಲರಿಗೂ ಕಾಣುವಂತೆ ತುಟಿಯಲ್ಲಿ ಅದನ್ನೇ ಹೇಳುತ್ತಿದ್ದ. ಬಾಬಿನ್ ಅಕ್ಕ ಮೆಲ್ಲಗೆ ಮುಖ ಎತ್ತಿದಳು.

"ಯಾರ ಹತ್ತಿರ ಮಾತಾಡುತ್ತಿದ್ದೀರಿ?" ಎಂದರು ನ್ಯಾಯಾಧೀಶರು.

"ಅಮ್ಮನಿಗೆ ಹೇಳ್ತಿದ್ದೀನಿ ಸ್ವಾಮಿ. ಈ ಅಕ್ಕ ಏನಂದ್ರು ಅಂತ ಅವರಿಗೂ ತಿಳೀಬೇಕಲ್ಲ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು.

"ಹೇಳಿ" ಎಂದರು. "ನಿಧಾನವಾಗಿ ಹೇಳಿ. ನಾವು ಕಾಯುತ್ತೇವೆ."